ಹಗುರ ಪಾದದ ಚರಿತ್ರೆ

ಹಸು ಕೊಳ್ಳಲು ಹೋದವನು ಮೊದಲು ಕೇಳುವ ಪ್ರಶ್ನೆ, ಹೊತ್ತಿಗೆ ಎಷ್ಟು ಕೊಡುತ್ತದೆ ಎಂದು. ಕಾರು ಕೊಳ್ಳಲು ಹೋದವನು ಕೇಳುವುದೂ ಅದನ್ನೇ: ಲೀಟರಿಗೆ ಎಷ್ಟು ಕೊಡುತ್ತದೆ? ಮಾರುವವನು ಒಂದು ಅಂಕಿ ಹೇಳುತ್ತಾನೆ. ಕೊಂಡವನಿಗೆ ಅಷ್ಟು ಸಿಕ್ಕುವುದಿಲ್ಲ. ಆರು ತಿಂಗಳು ಕಳೆಯುವುದರೊಳಗೆ ಅವನು ಕಾರನ್ನು ಬೈಯುತ್ತಾನೆ, ಬಂಕಿನವನನ್ನು ಅನುಮಾನಿಸುತ್ತಾನೆ, ರಸ್ತೆಯನ್ನು ಶಪಿಸುತ್ತಾನೆ. ತನ್ನ ಬಲಗಾಲಿನ ಮೇಲೆ ಮಾತ್ರ ಅವನಿಗೆ ಸಂದೇಹವೇ ಬರುವುದಿಲ್ಲ. ಹಾಲು ಹಸುವೊಂದರದೇ ಅಲ್ಲ, ಮೇವಿನದು, ಹಿಂಡುವ ಕೈಯದು ಎಂಬುದು ನಮ್ಮ ಹಳ್ಳಿಯ ಹೆಂಗಸರಿಗೆ ಚೆನ್ನಾಗಿ ಗೊತ್ತು. ಪೆಟ್ರೋಲಿನ ವಿಷಯದಲ್ಲಿ ಇಂಥ ತಿಳಿವಳಿಕೆ ದೊಡ್ಡ ದೊಡ್ಡ ರಾಷ್ಟ್ರಗಳಿಗೂ ಬಂದದ್ದು ಕಷ್ಟಕಾಲದಲ್ಲಿ. ಕಷ್ಟ ಕಳೆದೊಡನೆ ಮರೆತೂ ಹೋಯಿತು. ಹೀಗೆ ಕಲಿತು ಮರೆತು, ಮತ್ತೆ ಕಲಿತು ಮತ್ತೆ ಮರೆತ ಕಥೆ ಇದು.

ಪೆಟ್ರೋಲು ಎಲ್ಲಿ ಹೋಗುತ್ತದೆಂಬುದನ್ನು ಮೊದಲು ನೋಡೋಣ. ಇಂಜಿನು ತನ್ನ ಬಿಸಿಗೆ, ತನ್ನೊಳಗಿನ ತಿಕ್ಕಾಟಕ್ಕೆ ದೊಡ್ಡ ಪಾಲನ್ನು ನುಂಗುತ್ತದೆ. ಉಳಿದ ಶಕ್ತಿಗೆ ಮೂವರು ವೈರಿಗಳು. ಮೊದಲನೆಯದು ಚಕ್ರಕ್ಕೂ ನೆಲಕ್ಕೂ ನಡುವಣ ಎಳೆತ. ಟಯರಿನಲ್ಲಿ ಗಾಳಿ ಕಡಮೆಯಾದಷ್ಟೂ ಇದು ಹೆಚ್ಚು. ಎರಡನೆಯದು ಎದುರು ಗಾಳಿ. ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಗಂಟೆಗೆ 55 ಮೈಲಿಯ ವೇಗದಲ್ಲಿ ಹೋಗುವವನು 70ಕ್ಕೆ ಏರಿಸಿದರೆ ಅವನಿಗೆ ಉಳಿಯುವ ಹೊತ್ತು ಐದರಲ್ಲಿ ಒಂದು ಪಾಲು. ಗಾಳಿಯ ತಡೆಯಾದರೋ ಒಂದೂವರೆ ಪಾಲನ್ನೂ ಮೀರುತ್ತದೆ. ಮೂರನೆಯ ವೈರಿ ಚಾಲಕನ ಕಾಲ ಕೆಳಗೇ ಇರುವ ಬ್ರೇಕು. ಒಂದು ಟನ್ ತೂಕದ ಕಾರನ್ನು ನಿಂತಲ್ಲಿಂದ ಗಂಟೆಗೆ 60 ಕಿಲೋಮೀಟರಿಗೆ ತರಲು ಸುಮಾರು ಒಂದು ದೊಡ್ಡ ಚಮಚದಷ್ಟು ಪೆಟ್ರೋಲು ಬೇಕು. ಬ್ರೇಕು ತುಳಿದರೆ ಆ ಶಕ್ತಿಯೆಲ್ಲ ಬಿಸಿಯಾಗಿ ಹಾರಿಹೋಗುತ್ತದೆ. ಅರುವತ್ತು ಸಲ ಹೀಗೆ ಹೊರಟು ನಿಂತರೆ ಒಂದು ಲೀಟರು ಗಾಳಿಪಾಲಾಯಿತೆಂದು ಲೆಕ್ಕ. ಮುಂದೆ ಕೆಂಪು ದೀಪ ಕಾಣುತ್ತಿರುವಾಗಲೂ ಆಕ್ಸಿಲರೇಟರು ಒತ್ತಿ, ಹತ್ತಿರ ಹೋಗಿ ಗಕ್ಕನೆ ನಿಲ್ಲಿಸುವವನು ತನ್ನ ಹಣದಿಂದ ಬ್ರೇಕನ್ನು ಕಾಯಿಸಿಕೊಳ್ಳುತ್ತಾನೆ, ಅಷ್ಟೆ.

ಹಾಗೆಂದು ಆಮೆಯ ನಡೆಯೂ ಲಾಭವಲ್ಲ. ಕೆಳಗಿನ ಗೇರಿನಲ್ಲಿ ತೆವಳುವ ಕಾರು ಇಂಜಿನ್ನನ್ನು ಸಾಕುವುದಕ್ಕೇ ಪೆಟ್ರೋಲು ಸುಡುತ್ತದೆ. ನಿಂತಲ್ಲೇ ಓಡುವ ಇಂಜಿನಿನ ಲೆಕ್ಕವಂತೂ ಇನ್ನೂ ಸುಲಭ: ಲೀಟರಿಗೆ ಸೊನ್ನೆ ಕಿಲೋಮೀಟರು. ಮೇಲಿನ ಗೇರು, ಹದವಾದ ವೇಗ, ಏರುಪೇರಿಲ್ಲದ ಓಟ, ಇವೇ ಮಿತವ್ಯಯದ ಗುಟ್ಟು.

ಈ ಗುಟ್ಟನ್ನು ಮೊದಲು ಬಯಲಿಗೆಳೆದವರು ಪಂದ್ಯ ಕಟ್ಟುವವರು. 1936ರಲ್ಲಿ ಕ್ಯಾಲಿಫೋರ್ನಿಯಾದ ಗಿಲ್ಮೋರ್ ಎಂಬ ಎಣ್ಣೆ ಕಂಪೆನಿ ಲಾಸ್ ಏಂಜಲೀಸಿನಿಂದ ಯೊಸೆಮಿಟಿ ಕಣಿವೆಯವರೆಗೆ ಒಂದು ಓಟ ಏರ್ಪಡಿಸಿತು. ಬಹುಮಾನ ಮೊದಲು ಮುಟ್ಟಿದವನಿಗಲ್ಲ; ಕಾರಿನ ತೂಕವನ್ನೂ ಲೆಕ್ಕಕ್ಕೆ ಹಿಡಿದು, ಕಡಮೆ ಪೆಟ್ರೋಲು ಸುಟ್ಟವನಿಗೆ. ಪೆಟ್ರೋಲು ಮಾರುವವರೇ ಪೆಟ್ರೋಲು ಉಳಿಸುವ ಪಂದ್ಯ ಹೂಡಿದ್ದು ವಿನೋದವಾಗಿ ಕಾಣಬಹುದು; ಜಾಹೀರಾತು ಎಂಬ ವಿದ್ಯೆಯ ದಾರಿಯೇ ಹಾಗೆ. ಯುದ್ಧಕಾಲದಲ್ಲಿ ನಿಂತು, 1950ರಲ್ಲಿ ಮೊಬಿಲ್ ಕಂಪೆನಿಯ ಹೆಸರಿನಲ್ಲಿ ಮತ್ತೆ ಆರಂಭವಾದ ಈ ಓಟ 1968ರವರೆಗೆ ನಡೆಯಿತು. 1939ರಲ್ಲಿ ಇಲಿನಾಯ್ ಪ್ರಾಂತದ ವುಡ್ ರಿವರ್ ಊರಿನಲ್ಲಿ ಶೆಲ್ ಕಂಪೆನಿಯ ಪ್ರಯೋಗಶಾಲೆಯ ವಿಜ್ಞಾನಿಗಳು ತಮ್ಮತಮ್ಮೊಳಗೇ ಇಂಥದೇ ಪಣ ಕಟ್ಟಿದರು. ಗೆದ್ದವನು ಒಂದು ಅಮೆರಿಕನ್ ಗ್ಯಾಲನ್ನಿನಲ್ಲಿ ಸುಮಾರು 50 ಮೈಲಿ ಓಡಿಸಿದ. ನಮ್ಮ ಲೆಕ್ಕದಲ್ಲಿ ಲೀಟರಿಗೆ 21 ಕಿಲೋಮೀಟರು. ಎಂಟು ದಶಕಗಳ ಹಿಂದಿನ ಯಂತ್ರದಿಂದ ಇಷ್ಟನ್ನು ಹಿಂಡಿ ತೆಗೆಯಲು ಸಾಧ್ಯವಾಯಿತೆಂದರೆ ಚಾಲಕನ ಪಾಲು ಎಷ್ಟು ದೊಡ್ಡದೆಂಬುದನ್ನು ಓದುಗರೇ ಊಹಿಸಬಹುದು.

ಪಂದ್ಯದಲ್ಲಿ ಕಲಿತದ್ದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿದ್ದು ಯುದ್ಧ. ಆದರೆ ಕಾರಣ ನಾವು ತಿಳಿದಂತೆ ಪೆಟ್ರೋಲಿನ ಅಭಾವವಲ್ಲ. 1941ರ ಡಿಸೆಂಬರಿನಲ್ಲಿ ಜಪಾನು ಅಮೆರಿಕದ ಮೇಲೆ ಬಿತ್ತು. ಕೆಲವೇ ತಿಂಗಳಲ್ಲಿ ಮಲಯವೂ ಡಚ್ಚರ ಪೂರ್ವದ್ವೀಪಗಳೂ ಅದರ ಕೈಸೇರಿದುವು. ಅಮೆರಿಕಕ್ಕೆ ರಬ್ಬರು ಬರುತ್ತಿದ್ದುದು ಹೆಚ್ಚಾಗಿ ಅಲ್ಲಿಂದಲೇ. ಎಣ್ಣೆಯ ಬಾವಿಗಳಿದ್ದ ದೇಶಕ್ಕೆ ಟಯರಿಲ್ಲದಂತಾಯಿತು. 1942ರ ಸೆಪ್ಟೆಂಬರಿನಲ್ಲಿ ಬರೂಕ್ ಸಮಿತಿ ಒಂದು ಉಪಾಯ ಸೂಚಿಸಿತು: ಟಯರು ಸವೆಯದಿರಬೇಕಾದರೆ ಕಾರು ಓಡದಿರಬೇಕು, ಓಡಿದರೂ ನಿಧಾನವಾಗಿ ಓಡಬೇಕು. ಅದರಂತೆ ದೇಶದ ಉದ್ದಗಲಕ್ಕೂ ಗಂಟೆಗೆ 35 ಮೈಲಿಯ ಮಿತಿ ಬಂತು. ಡಿಸೆಂಬರ್ 1ರಿಂದ ಪೆಟ್ರೋಲಿಗೆ ಪಡಿತರವೂ ಬಂತು. ಅಗತ್ಯದ ಕೆಲಸವಿಲ್ಲದ ಸಾಮಾನ್ಯನಿಗೆ ಸಿಕ್ಕುತ್ತಿದ್ದುದು ವಾರಕ್ಕೆ ಮೂರು ನಾಲ್ಕು ಗ್ಯಾಲನ್. ಗಾಜಿಗೆ ಅಂಟಿಸಬೇಕಾದ ಪಡಿತರದ ಚೀಟಿಯ ಒಳಮುಖದಲ್ಲಿ, ಈ ಪ್ರಯಾಣ ನಿಜವಾಗಿಯೂ ಬೇಕೆ ಎಂಬ ಪ್ರಶ್ನೆ ಚಾಲಕನ ಕಣ್ಣೆದುರಿಗೇ ಇರುತ್ತಿತ್ತು.

ನಮ್ಮಲ್ಲಿ ಆಗ ಕಾರಿದ್ದವರು ವಿರಳ. ಆ ಯುದ್ಧದ ಬಿಸಿ ನಮ್ಮವರಿಗೆ ತಟ್ಟಿದ್ದು ಬಸ್ಸಿನಲ್ಲಿ. ಬಸ್ಸಿನ ಬೆನ್ನಿಗೆ ಇದ್ದಲಿನ ಒಲೆಯಂಥ ಒಂದು ಕಬ್ಬಿಣದ ಪೀಪಾಯಿ ಕಟ್ಟಿ, ಅದರ ಹಿಡಿ ತಿರುಗಿಸಿ ಗಾಳಿಯೂದಿ, ಆ ಹೊಗೆಯ ಅನಿಲದಿಂದ ಇಂಜಿನು ಓಡಿಸುತ್ತಿದ್ದ ಕಾಲ ಅದು. ಹೊರಡುವ ಮೊದಲು ಬೆಂಕಿ ಹಿಡಿಯಬೇಕು. ದೊಡ್ಡ ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ಮೈಸೂರು ಸೀಮೆಯ ಹಿರಿಯರು ಆ ಇದ್ದಲು ಗ್ಯಾಸಿನ ಬಸ್ಸುಗಳ ಕಥೆಯನ್ನು ಬಹುಕಾಲ ನಕ್ಕು ನಕ್ಕು ಹೇಳುತ್ತಿದ್ದರು. ಏರು ಹತ್ತಲು ಎಷ್ಟು ಶಕ್ತಿ ಬೇಕೆಂಬುದು ತಳ್ಳಿದ ತೋಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು!

1945ರ ಆಗಸ್ಟಿನಲ್ಲಿ ಜಪಾನು ಶರಣಾದ ಮರುದಿನವೇ ಅಮೆರಿಕದಲ್ಲಿ ಪೆಟ್ರೋಲಿನ ಪಡಿತರ ರದ್ದಾಯಿತು. ಅದರೊಡನೆ ಪಾಠವೂ ರದ್ದಾಯಿತು. ಮುಂದಿನ ಕಾಲು ಶತಮಾನ ಅಲ್ಲಿನ ಕಾರುಗಳು ಉದ್ದವಾದುವು, ಭಾರವಾದುವು, ರೆಕ್ಕೆಪುಕ್ಕ ತಳೆದುವು. ಅಗ್ಗದ ವಸ್ತುವಿನ ಮೇಲೆ ಗೌರವವಿರುವುದು ಕಡಮೆ.

ಎರಡನೆಯ ಸಲ ಪಾಠ ಕಲಿಸಿದ್ದು 1973. ಆ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ಇಸ್ರೇಲಿನ ಪಕ್ಷ ವಹಿಸಿದವರಿಗೆ ಎಣ್ಣೆ ನಿಲ್ಲಿಸಿದುವು. ಪೀಪಾಯಿಗೆ ಸುಮಾರು 3 ಡಾಲರಿದ್ದ ಕಚ್ಚಾ ಎಣ್ಣೆ 1974ರ ಜನವರಿಯ ಹೊತ್ತಿಗೆ 11 ಡಾಲರು ದಾಟಿತು. ಹಾಲೆಂಡಿನಲ್ಲೂ ಪಶ್ಚಿಮ ಜರ್ಮನಿಯಲ್ಲೂ ಭಾನುವಾರ ಕಾರು ಹೊರತೆಗೆಯುವುದು ನಿಷೇಧವಾಯಿತು. ಜನ ಹೆದ್ದಾರಿಯ ಮೇಲೆ ಸೈಕಲ್ಲು ತುಳಿದರು. ದೆಹಲಿಯಲ್ಲಿ ಅದೇ ನವೆಂಬರಿನಲ್ಲಿ ಬೆಲೆಯೇರಿಕೆಯನ್ನು ಪ್ರತಿಭಟಿಸಿ ಅಟಲ ಬಿಹಾರಿ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಕುಳಿತು ಪಾರ್ಲಿಮೆಂಟಿಗೆ ಬಂದರು. ಅಮೆರಿಕದಲ್ಲಿ ಅಧ್ಯಕ್ಷ ನಿಕ್ಸನ್ 1974ರ ಜನವರಿ 2ರಂದು ಒಂದು ಕಾನೂನಿಗೆ ರುಜು ಹಾಕಿದರು: ಯಾವ ಹೆದ್ದಾರಿಯಲ್ಲಿಯೂ ಗಂಟೆಗೆ 55 ಮೈಲಿ ಮೀರಕೂಡದು, ಒಪ್ಪದ ಪ್ರಾಂತಕ್ಕೆ ರಸ್ತೆಯ ಅನುದಾನವಿಲ್ಲ.

ಈ ಕಾನೂನಿನ ಫಲ ವಿಚಿತ್ರವಾದದ್ದು. ಉಳಿದ ಎಣ್ಣೆ ಎಣಿಸಿದಷ್ಟಿರಲಿಲ್ಲ. ದೇಶದಲ್ಲಿ ಸುಡುವ ಪೆಟ್ರೋಲಿನ ಬಹುಪಾಲು ಹೆದ್ದಾರಿಯ ಹೊರಗೆ, ಊರೊಳಗಿನ ನಿಲ್ಲು ಹೊರಡುಗಳಲ್ಲಿ ಖರ್ಚಾಗುತ್ತಿತ್ತು. ಅಲ್ಲಿ 55ರ ಫಲಕಕ್ಕೆ ಅರ್ಥವೇ ಇರಲಿಲ್ಲ. ಹೆದ್ದಾರಿಯ ಮೇಲೆ ಲಾರಿಯವರು ರೇಡಿಯೊದಲ್ಲಿ ಒಬ್ಬರಿಗೊಬ್ಬರು ಪೊಲೀಸರ ಸುಳಿವು ಕೊಡುತ್ತ ಮಿತಿ ಮೀರಿದರು. ಆದರೆ ಯಾರೂ ಬೇಡದ ಒಂದು ವರ ಬಂತು. 1973ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು ಸುಮಾರು 54 ಸಾವಿರ. 1974ರಲ್ಲಿ ಸುಮಾರು 45 ಸಾವಿರ. ಜನ ಕಡಮೆ ಓಡಾಡಿದ್ದೂ ಇದಕ್ಕೆ ಕಾರಣ, ನಿಧಾನವಾಗಿ ಓಡಿದ್ದೂ ಕಾರಣ. ಎಣ್ಣೆ ಉಳಿಸಲು ಹೊರಟವರು ಜೀವ ಉಳಿಸಿದರು. ಎಣ್ಣೆ ಮತ್ತೆ ಅಗ್ಗವಾದೊಡನೆ ಅದೂ ಮರೆಯಿತು. 1987ರಲ್ಲಿ ಮಿತಿ ಸಡಿಲವಾಯಿತು, 1995ರಲ್ಲಿ ಕಾನೂನೇ ಹೋಯಿತು.

ನಮ್ಮ ಸರ್ಕಾರ ಹಿಡಿದ ದಾರಿ ಬೇರೆ. 1978ರಲ್ಲಿ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನ ಸಂಘವೆಂಬ ಸಂಸ್ಥೆ ಹುಟ್ಟಿತು. ಅದರದು ಕಾನೂನಲ್ಲ, ಬುದ್ಧಿವಾದ: ಗಂಟೆಗೆ 45ರಿಂದ 55 ಕಿಲೋಮೀಟರಿನಲ್ಲಿ ಓಡಿಸಿ, ಟಯರಿಗೆ ಗಾಳಿ ನೋಡಿ, ನಿಂತಾಗ ಇಂಜಿನು ಆರಿಸಿ. ಅಮೆರಿಕನ್ನರು ರಬ್ಬರಿಗಾಗಿ ಇಟ್ಟ 35 ಮೈಲಿಯೆಂದರೆ 56 ಕಿಲೋಮೀಟರು; ಎರಡು ದೇಶಗಳು ಬೇರೆ ಬೇರೆ ಕಾರಣದಿಂದ ಹೆಚ್ಚುಕಡಮೆ ಒಂದೇ ಅಂಕಿಗೆ ಬಂದು ನಿಂತುವು. ಆ ಸಂಸ್ಥೆಯ ಒಂದು ಟೀವಿ ಜಾಹೀರಾತನ್ನು ಹಲವರು ನೋಡಿರಬಹುದು. ದೊಡ್ಡವನಾದ ಮೇಲೆ ಸೈಕಲ್ ರಿಪೇರಿ ಅಂಗಡಿ ಇಡುತ್ತೇನೆಂದು ಒಬ್ಬ ಹುಡುಗ ತಂದೆಗೆ ಹೇಳುತ್ತಾನೆ. ಏಕೆಂದರೆ ತಂದೆ ಸಿಗ್ನಲ್ಲಿನಲ್ಲಿ ಇಂಜಿನು ಆರಿಸದೆ ಕುಳಿತಿರುವುದನ್ನು ನೋಡಿದರೆ, ತಾನು ಬೆಳೆಯುವ ಹೊತ್ತಿಗೆ ಪೆಟ್ರೋಲು ಉಳಿದಿರುವಂತಿಲ್ಲ.

ಇಂದಿನ ಕಾರುಗಳ ಇಂಜಿನು ಹಿಂದಿನವಕ್ಕಿಂತ ಬಹಳ ಜಾಣ. ಸಿಗ್ನಲ್ಲಿನಲ್ಲಿ ತಾನೇ ಆರಿ ತಾನೇ ಹೊತ್ತಿಕೊಳ್ಳುವುವೂ ಇವೆ. ಬ್ಯಾಟರಿಯ ಕಾರಿನಲ್ಲಿ ಬ್ರೇಕಿನ ಶಕ್ತಿ ಕೊಂಚ ಹಿಂದಕ್ಕೂ ಬರುತ್ತದೆ. ಎದುರು ಗಾಳಿ ಮಾತ್ರ ಯಾವ ಕಾರನ್ನೂ ಬಿಟ್ಟಿಲ್ಲ. ಅಮೆರಿಕ ಸರ್ಕಾರದ ಈಚಿನ ಅಂದಾಜಿನಂತೆ, ರಭಸದಿಂದ ಹೊರಟು ರಭಸದಿಂದ ನಿಲ್ಲಿಸುವ ಅಭ್ಯಾಸ ಊರೊಳಗಿನ ದಟ್ಟಣೆಯಲ್ಲಿ ನೂರಕ್ಕೆ 10ರಿಂದ 40ರಷ್ಟು ಮೈಲೇಜನ್ನು ತಿನ್ನುತ್ತದೆ. 1974ರ ಕಾನೂನು ಮುಟ್ಟಲಾರದೆ ಹೋದದ್ದು ಈ ಜಾಗವನ್ನೇ. ಪ್ರತಿ ತಿರುವಿನಲ್ಲಿಯೂ ಪೊಲೀಸನನ್ನು ನಿಲ್ಲಿಸಬಹುದು. ಪ್ರತಿ ಪೆಡಲಿನ ಮೇಲೆ ನಿಲ್ಲಿಸಲಾಗದು. ಅಲ್ಲಿರುವುದು ಒಂದು ಕಾಲು ಮಾತ್ರ, ನಮ್ಮದೇ ಕಾಲು. ಯುದ್ಧವೂ ಇಲ್ಲದೆ ಬರಗಾಲವೂ ಇಲ್ಲದೆ ಅದು ಹಗುರವಾಗುವುದನ್ನು ಕಲಿತರೆ, ಈ ಚರಿತ್ರೆಯಲ್ಲಿ ಅದೇ ಮೊದಲ ಸಲವಾದೀತು.