ಎಲೆಯೊಂದು, ರುಚಿ ಹಲವು

ನಲವತ್ತು ವರ್ಷ ಕಾಫಿಯಲ್ಲೇ ಪಳಗಿದ ನಾಲಗೆ ನನ್ನದು. ವೈದ್ಯರು ಹಾಲು, ಸಕ್ಕರೆ ಎರಡನ್ನೂ ಒಮ್ಮೆಲೇ ನಿಷೇಧಿಸಿದಾಗ, ಹಳೆಯ ವಿದ್ಯಾರ್ಥಿಯೊಬ್ಬರು ಜಪಾನಿನಿಂದ ತಂದ ಹಸಿರು ಚಹಾದ ಡಬ್ಬಿಯೊಂದನ್ನು ಕೈಗಿತ್ತರು. ನಾನು ಬಲ್ಲ ವಿಧಾನ ಒಂದೇ: ನೀರು ಕೊತಕೊತನೆ ಕುದಿಯಬೇಕು, ಸೊಪ್ಪು ಅದರಲ್ಲಿ ಬೇಯಬೇಕು. ಹಾಗೆಯೇ ಮಾಡಿದೆ. ಬೇವಿನ ಕಷಾಯವೇ ವಾಸಿ ಎನಿಸಿತು. ನಮ್ಮ ಮನೆಯವರು ಒಂದು ಗುಟುಕು ಕುಡಿದು ಲೋಟವನ್ನು ಮೌನವಾಗಿ ಕೆಳಗಿಟ್ಟರು. ಶತಮಾನಗಳ ಕಾಲ ಕವಿಗಳು ಹಾಡಿ ಹೊಗಳಿದ ಪೇಯವಿದು. ತಪ್ಪು ಎಲೆಯದೋ ನನ್ನದೋ? ಅಧ್ಯಾಪಕನ ಹಳೆಯ ಚಾಳಿಯಂತೆ ಪುಸ್ತಕಗಳ ಮೊರೆಹೊಕ್ಕೆ.

ಕಪ್ಪು ಚಹಾ, ಹಸಿರು ಚಹಾ ಬೇರೆ ಬೇರೆ ಗಿಡಗಳವೆಂದು ಯೂರೋಪಿನವರು ಬಹುಕಾಲ ನಂಬಿದ್ದರು. ಎರಡೂ ಒಂದೇ ಗಿಡದ ಎಲೆಯೆಂಬುದನ್ನು 1840ರ ದಶಕದಲ್ಲಿ ಚೀನದ ಒಳನಾಡುಗಳನ್ನು ಸುತ್ತಿದ ರಾಬರ್ಟ್ ಫಾರ್ಚೂನ್ ಕಣ್ಣಾರೆ ಕಂಡು ಬರೆದ. ಹೊರದೇಶಕ್ಕೆ ಹೋಗುವ ಹಸಿರು ಚಹಾಕ್ಕೆ ನೀಲಿ ಬಣ್ಣವನ್ನೂ ಜಿಪ್ಸಮ್ಮನ್ನೂ ಬೆರೆಸುತ್ತಿದ್ದುದನ್ನೂ ಆತ ದಾಖಲಿಸಿದ್ದಾನೆ. ಕುಡಿಯುವವರು ಬಯಸಿದ್ದು ಹಸಿರನ್ನು. ಬಣ್ಣ ಬೆರೆಸಿಯಾದರೂ ಅವರಿಗೆ ಅದನ್ನು ಒದಗಿಸಲಾಯಿತು!

ಹೆಚ್ಚಿದ ಬದನೆಕಾಯಿ ಕಪ್ಪಾಗುವಂತೆ, ಬಾಡಿಸಿ ಹೊಸೆದ ಚಹಾ ಎಲೆಯೂ ಗಾಳಿಗೆ ಕಪ್ಪಾಗುತ್ತದೆ. ಕಿತ್ತ ಸ್ವಲ್ಪ ಹೊತ್ತಿನಲ್ಲೇ ಬಿಸಿ ತಾಗಿಸಿದರೆ ಹಸಿರು ಉಳಿಯುತ್ತದೆ. ಆ ಬಿಸಿಯನ್ನು ಚೀನೀಯರು ಹೆಚ್ಚಾಗಿ ಕಬ್ಬಿಣದ ಬಾಣಲೆಯಲ್ಲಿ ಕೊಡುತ್ತಾರೆ, ಜಪಾನೀಯರು ಹಬೆಯಲ್ಲಿ. ಮೊದಲನೆಯದಕ್ಕೆ ಹುರಿದ ಕಾಳಿನ ಘಮ. ಎರಡನೆಯದಕ್ಕೆ ಬೆಂದ ಸೊಪ್ಪಿನ, ಕಡಲ ಪಾಚಿಯ ವಾಸನೆ. ತನಗೊಪ್ಪುವ ಹಸಿರು ಚಹಾವನ್ನು ಅರಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಬಾಣಲೆಯೋ, ಹಬೆಯೋ?

ಎಂಟನೆಯ ಶತಮಾನದಲ್ಲಿ ‘ಚಾ ಜಿಂಗ್’ ಎಂಬ ಚಹಾಶಾಸ್ತ್ರವನ್ನು ಬರೆದ ಲು ಯು, ಈರುಳ್ಳಿ, ಶುಂಠಿ, ಪುದೀನ ಹಾಕಿ ಚಹಾ ಕುದಿಸುವವರ ಮೇಲೆ ಹರಿಹಾಯ್ದಿದ್ದಾನೆ. ಅದು ಅವನ ಪಾಲಿಗೆ ಚರಂಡಿಗೆ ಚೆಲ್ಲುವ ನೀರು. ಆದರೆ ಉಪ್ಪನ್ನು ಮಾತ್ರ ಆತ ಬಿಡಲಿಲ್ಲ. ರಸಿಕನಿಗೂ ಒಂದು ಸಣ್ಣ ಮೋಹ ಇದ್ದೇ ಇರುತ್ತದಲ್ಲವೇ? ಮುಂದೆ ಸೋಂಗ್ ದೊರೆಗಳ ಕಾಲಕ್ಕೆ ಎಲೆಯನ್ನು ಅರೆದು ಬಿಲ್ಲೆ ಮಾಡಿ, ಪುಡಿಗೈದು, ನೊರೆಯೇಳುವಂತೆ ಕಡೆದು ಕುಡಿಯುವುದು ಉಚ್ಚಾಭಿರುಚಿಯಾಯಿತು. ಚಕ್ರವರ್ತಿ ಹುಯ್‌ಜೋಂಗನೇ 1107ರಲ್ಲಿ ಆ ಬಗ್ಗೆ ಗ್ರಂಥ ರಚಿಸಿದ. ಆ ಬಿಲ್ಲೆಗಳ ಹಿಂದೆ ಎಷ್ಟು ಜನರ ಬೆವರಿತ್ತೆಂಬುದನ್ನು ಬಡ ರೈತನ ಮನೆಯಲ್ಲಿ ಹುಟ್ಟಿ ಮಿಂಗ್ ವಂಶವನ್ನು ಸ್ಥಾಪಿಸಿದ ಹೊಂಗ್‌ವು ಬಲ್ಲ. ಕಪ್ಪವಾಗಿ ಬಿಲ್ಲೆ ಒಪ್ಪಿಸುವುದನ್ನು 1391ರಲ್ಲಿ ನಿಲ್ಲಿಸಿ, ಬಿಡಿ ಎಲೆಯೇ ಸಾಕೆಂದು ಅಪ್ಪಣೆಯಿತ್ತ. ಎಲೆಯನ್ನು ಬಿಸಿನೀರಿನಲ್ಲಿ ನೆನೆಸುವ ನಮ್ಮ ಇಂದಿನ ಪದ್ಧತಿ ನೆಲೆಯೂರಿದ್ದು ಆ ಬಳಿಕ. ಚೀನ ಕೈಬಿಟ್ಟ ಪುಡಿಯನ್ನು ಜಪಾನು ಉಳಿಸಿಕೊಂಡಿತು. ಇಂದಿನ ‘ಮಾಚಾ’ ಅದೇ. ಹಬೆಯಲ್ಲಿ ಬೇಯಿಸಿ ಕೈಯಿಂದ ಹೊಸೆದ ‘ಸೆಂಚಾ’ ಎಲೆಯನ್ನು ಉಜಿ ಪ್ರಾಂತದ ನಗತಾನಿ ಸೋಯೆನ್ ರೂಪಿಸಿದ್ದು 1738ರಲ್ಲಿ.

ನನ್ನ ಡಬ್ಬಿಯಲ್ಲಿದ್ದುದೂ ಅದೇ ಸೆಂಚಾ. ಕುದಿನೀರು ಎಲೆಯ ಒಗರನ್ನೆಲ್ಲ ಹೊರಗೆಳೆಯುತ್ತದೆ. ಸುಮಾರು 70-80 ಡಿಗ್ರಿಯ ನೀರಿನಲ್ಲಿ ಒಂದು ನಿಮಿಷವಿಟ್ಟರೆ ಸಿಹಿ ಮುಂದೆ ಬರುತ್ತದೆ. ನೆರಳಿನಲ್ಲಿ ಬೆಳೆಸಿದ ‘ಗ್ಯೊಕುರೊ’ ಎಲೆಗೆ 50-60 ಡಿಗ್ರಿಯೇ ಸಾಕು. ಇದಕ್ಕೆ ಉಷ್ಣಮಾಪಕವೇನೂ ಬೇಡ. ಜಪಾನೀಯರು ಕುದಿನೀರನ್ನು ಬಟ್ಟಲಿನಿಂದ ಬಟ್ಟಲಿಗೆ ಸುರಿಯುತ್ತಾರೆ; ಪ್ರತಿ ಸಲಕ್ಕೂ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ. ಲೋಟ-ದವರದಲ್ಲಿ ಕಾಫಿ ಆರಿಸಿದ ಕೈಗೆ ಈ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ.

ಅದೇ ಡಬ್ಬಿಯ ಎಲೆಯನ್ನು ಮತ್ತೊಮ್ಮೆ ಹೀಗೆ ಇಳಿಸಿದೆ. ಮನೆಯವರು ಲೋಟವನ್ನು ಖಾಲಿ ಮಾಡಿ, “ದಂಟಿನ ಸೊಪ್ಪು ಬಸಿದ ಕಟ್ಟಿನ ಹಾಗಿದೆ” ಎಂದರು. ಬಸ್ಸಾರಿನ ಪ್ರಿಯರಾದ ಅವರಿಂದ ಅದು ಹೊಗಳಿಕೆಯೇ. ನನಗೆ ಮಾತ್ರ ಹುರಿದ ಘಮವೇ ಬೇಕು. ಹಳೆಯ ಕಾಫಿಯ ಋಣ ಅಷ್ಟು ಬೇಗ ಹರಿಯದು. ಹಾಂಗ್‌ಝೌ ಕಡೆಯ, ಬಾಣಲೆಯಲ್ಲಿ ಒತ್ತಿ ಹುರಿದ ಚಪ್ಪಟೆ ಎಲೆಯ ಲುಂಗ್‌ಜಿಂಗ್ ನನಗೆ ಹಿಡಿಸಿದೆ. ಈಗ ನಮ್ಮ ಅಡುಗೆಮನೆಯ ಗೂಡಿನಲ್ಲಿ ಎರಡು ಡಬ್ಬಿಗಳಿವೆ. ಬೆಳಗ್ಗೆ ಒಂದೇ ಪಾತ್ರೆಯಲ್ಲಿ ನೀರು ಕಾಯುತ್ತದೆ. ನನ್ನ ಪಾಲನ್ನು ಮೊದಲು ಸುರಿದುಕೊಂಡು, ಅವರದನ್ನು ಇನ್ನೊಂದು ಬಾರಿ ಆರಿಸುತ್ತೇನೆ.