ಕುದಿಸಿ ಆರಿಸಿದ ನೀರು ಸಾಕಾ?

"ನೀರು ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಪುಡಿ ಕಲಸಿ." ಮಗುವಿಗೆ ಹಾಲಿನ ಪುಡಿ ತಂದ ಮನೆಯಲ್ಲಿ ಅಜ್ಜಿಯಿಂದ ಹಿಡಿದು ನೆಂಟರವರೆಗೆ ಎಲ್ಲರೂ ಹೇಳುವ ಮಾತಿದು. ಹಲವು ಡಬ್ಬಗಳ ಮೇಲೂ ಹೀಗೇ ಬರೆದಿರುತ್ತದೆ. ಮಾತು ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಇದು ಹುಟ್ಟಿದ್ದು ಕ್ರಿಮಿ ಇರೋದು ನೀರಿನಲ್ಲಿ ಅಂತ ನಂಬಿದ್ದ ಕಾಲದಲ್ಲಿ. ಪುಡಿಯಲ್ಲೇ ಇರಬಹುದು ಅನ್ನೋದನ್ನು ಜಗತ್ತು ಒಪ್ಪಿಕೊಳ್ಳೋಕೆ ಹೆಚ್ಚುಕಮ್ಮಿ ಅರ್ಧ ಶತಮಾನ ಹಿಡಿಯಿತು.

ಮೊದಲು ಪುಡಿಯೇ ಇಲ್ಲದ ಕಾಲಕ್ಕೆ ಹೋಗೋಣ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅರಳಸುರಳಿಯಂಥ ಊರುಗಳಲ್ಲಿ ತಾಯಿಗೆ ಹಾಲು ಸಾಲದಿದ್ದರೆ ಕೊಟ್ಟಿಗೆಯ ಹಸುವೇ ಗತಿ. ಮಲೆನಾಡು ಗಿಡ್ಡ ಕೊಡುವ ಅಷ್ಟಿಷ್ಟು ಹಾಲಿಗೆ ನೀರು ಬೆರೆಸಿ, ಕಾಯಿಸಿ, ಒಳಲೆಯಲ್ಲಿ ಕುಡಿಸುವುದು. ಒಳಲೆ ನೋಡದವರಿಗೆ: ಅದೊಂದು ಪುಟ್ಟ ಬಟ್ಟಲು, ಒಂದು ಬದಿಗೆ ಕೊಕ್ಕಿನಂಥ ಮೂತಿ. ಸಂದುಗೊಂದು ಇಲ್ಲ, ಬಿಸಿನೀರಲ್ಲಿ ತೊಳೆದರೆ ಮುಗೀತು. ಇಲ್ಲಿ ಒಂದು ವಿಷಯ ಗಮನಿಸಿ. ಹಾಲು, ನೀರು ಎರಡೂ ಒಟ್ಟಿಗೇ ಒಲೆಯ ಮೇಲೆ ಕುದಿಯುತ್ತಿದ್ದವು. ಹಾಗಂತ ಹಳೇ ಕಾಲ ಚಿನ್ನ ಅಂತೇನಲ್ಲ. ಹಸುವಿನ ಹಾಲು ಎಳೆ ಮಗುವಿನ ಮೂತ್ರಪಿಂಡಕ್ಕೆ ಭಾರ, ಅದರಲ್ಲಿ ಕಬ್ಬಿಣಾಂಶವೂ ಕಡಿಮೆ. ಮಗುವಿಗೆಂದೇ ಹದ ಮಾಡಿದ ಪುಡಿ ಬೇಕಾಗಿದ್ದೇ ಇದಕ್ಕೆ.

ಆ ಪುಡಿಯ ಕಥೆಯಲ್ಲಿ ನಮ್ಮ ಮೈಸೂರಿಗೂ ಪಾಲಿದೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಭಾರತ ಶಿಶು ಆಹಾರವನ್ನು ಹೊರಗಿನಿಂದ ತರಿಸುತ್ತಿತ್ತು. ಇಲ್ಲಿ ಧಾರಾಳವಾಗಿದ್ದದ್ದು ಎಮ್ಮೆ ಹಾಲು. ಅದರಲ್ಲಿ ಕೊಬ್ಬು ಜಾಸ್ತಿ, ಮಗುವಿನ ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. 1950ರಲ್ಲಿ ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ ಶುರುವಾದ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಆ ಹಾಲನ್ನು ಮಗುವಿಗೆ ಒಗ್ಗುವಂತೆ ಪಳಗಿಸಿ ಪುಡಿ ಮಾಡುವ ವಿಧಾನ ಕಂಡುಹಿಡಿದರು. ಗುಜರಾತಿನ ಆಣಂದ್‌ನಲ್ಲಿ ಅಮುಲ್ ಅದನ್ನು ಕೈಗೆತ್ತಿಕೊಂಡಿತು. ದೇಶಿ ಶಿಶು ಆಹಾರದ ಡಬ್ಬ ಅಂಗಡಿಗೆ ಬಂತು.

ಡಬ್ಬದ ಜೊತೆಗೇ ಬಂದದ್ದು ನೀರಿನ ಭಯ. ಅದು ಸುಳ್ಳು ಭಯವೇನಲ್ಲ. ಕೊಳಕು ನೀರು, ತೊಳೆಯದ ಬಾಟಲಿ, ಉಳಿತಾಯಕ್ಕೆ ಅಂತ ತೆಳ್ಳಗೆ ಕಲಸಿದ ಪುಡಿ: ಬಡ ದೇಶಗಳಲ್ಲಿ ಇವು ಎಷ್ಟೋ ಮಕ್ಕಳ ಜೀವ ತೆಗೆದವು. 1977ರಲ್ಲಿ ನೆಸ್ಲೆ ವಿರುದ್ಧ ಬಹಿಷ್ಕಾರ ಚಳವಳಿ ಶುರುವಾಯಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾರಾಟಕ್ಕೆ ಸಂಹಿತೆ ತಂದಿತು. 1992ರಲ್ಲಿ ಭಾರತ ಕಾನೂನೇ ಮಾಡಿತು. ಡಬ್ಬದ ಮೇಲೆ ಮುದ್ದು ಮಗುವಿನ ಫೋಟೋ ಇಲ್ಲದಿರುವುದು, ಟಿವಿಯಲ್ಲಿ ಅದರ ಜಾಹೀರಾತು ಬಾರದಿರುವುದು ಅದರಿಂದಲೇ. ಈ ಎಲ್ಲ ಹೋರಾಟದಲ್ಲಿ ಕಟಕಟೆಯಲ್ಲಿ ನಿಂತಿದ್ದು ನೀರು, ಬಾಟಲಿ ಮತ್ತು ಮಾರುಕಟ್ಟೆ. ಪುಡಿ ಮಾತ್ರ ಶುದ್ಧ ಅಂತಲೇ ಎಲ್ಲರ ಎಣಿಕೆ.

ಆದರೆ ಸುಳಿವು ಆಗಲೇ ಸಿಕ್ಕಿತ್ತು. 1958ರಲ್ಲಿ ಇಂಗ್ಲೆಂಡಿನಲ್ಲಿ ಎರಡು ನವಜಾತ ಶಿಶುಗಳು ಮಿದುಳಿನ ಪೊರೆಯ ಸೋಂಕಿನಿಂದ ತೀರಿಕೊಂಡವು. 1961ರಲ್ಲಿ ವೈದ್ಯರು ಪ್ರಕಟಿಸಿದ ವರದಿಯಲ್ಲಿ ಇದ್ದದ್ದು ಹಳದಿ ಬಣ್ಣ ಬಿಡುವ ಒಂದು ಅಪರೂಪದ ಬ್ಯಾಕ್ಟೀರಿಯಾ. 1980ರಲ್ಲಿ ಅದಕ್ಕೆ ಜಪಾನಿನ ವಿಜ್ಞಾನಿ ರಿಇಚಿ ಸಕಾಜಾಕಿ ಅವರ ಹೆಸರಿಟ್ಟರು. ಎಲ್ಲಿಂದ ಬರುತ್ತದೆ ಅನ್ನೋ ಪ್ರಶ್ನೆ ಹಾಗೇ ಉಳಿದಿತ್ತು. 1988ರಲ್ಲಿ ನೆದರ್ಲೆಂಡ್ಸ್‌ನ ಮಾಯ್ಟ್ಯೆನ್ಸ್ ಮತ್ತು ಸಂಗಡಿಗರು 35 ದೇಶಗಳ 141 ಪುಡಿಗಳನ್ನು ಪರೀಕ್ಷಿಸಿದರು. 20ರಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ಅದೂ ಎಷ್ಟು? 100 ಗ್ರಾಂ ಪುಡಿಯಲ್ಲಿ ಒಂದು ಕೂಡ ಇಲ್ಲದಷ್ಟರಿಂದ ಹಿಡಿದು ಹೆಚ್ಚೆಂದರೆ 66.

ಇಷ್ಟು ಸಣ್ಣ ಸಂಖ್ಯೆಗೆ ಹೆದರಬೇಕಾ? ಪುಡಿ ಒಣಗಿರುವವರೆಗೆ ಅದು ಬೆಳೆಯುವುದಿಲ್ಲ, ಆದರೆ ಸಾಯುವುದೂ ಇಲ್ಲ. ವರ್ಷಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಉಗುರುಬೆಚ್ಚಗಿನ ನೀರು ಬಿದ್ದ ಕೂಡಲೇ ಎಚ್ಚರ. 23 ಡಿಗ್ರಿಯಲ್ಲಿ ಸುಮಾರು 40 ನಿಮಿಷಕ್ಕೊಮ್ಮೆ ಎರಡು ಪಟ್ಟಾಗುತ್ತದೆ. ಲೆಕ್ಕ ಹಾಕಿ ನೋಡಿ: ರಾತ್ರಿಗೆ ಅಂತ ಕಲಸಿಟ್ಟ ಹಾಲಿನಲ್ಲಿ ಒಂದೇ ಒಂದು ಇದ್ದರೂ ಆರು ಗಂಟೆಯಲ್ಲಿ ಐನೂರು ದಾಟುತ್ತದೆ.

ಕಾರ್ಖಾನೆಯವರು ಯಾಕೆ ಪೂರ್ತಿ ಕೊಲ್ಲುವುದಿಲ್ಲ? ದ್ರವ ಹಾಲನ್ನು ಕಾಯಿಸುವಾಗ ಅದು ಸಾಯುತ್ತದೆ. ಆದರೆ ಆಮೇಲೆ ಒಣಗಿಸಬೇಕು, ಬಿಸಿ ತಡೆಯದ ವಿಟಮಿನ್ನುಗಳನ್ನು ಬೆರೆಸಬೇಕು, ಡಬ್ಬ ತುಂಬಬೇಕು. ಒಳಗೆ ಸೇರೋದು ಆ ಹಂತದಲ್ಲಿ. ಹಾಗಾಗಿ ಆ ಕಾರ್ಖಾನೆಗಳ ಒಣ ಭಾಗದಲ್ಲಿ ನೀರಿನ ಹನಿಯೂ ಶತ್ರು. ಗುಡಿಸಿ, ನಿರ್ವಾತ ಯಂತ್ರದಲ್ಲಿ ಎಳೆದು ಸ್ವಚ್ಛ ಮಾಡುತ್ತಾರೆ. ಎಷ್ಟು ಮಾಡಿದರೂ ಪುಡಿ ಪೂರ್ಣ ಕ್ರಿಮಿರಹಿತವಲ್ಲ.

ಜಗತ್ತು ಎಚ್ಚೆತ್ತಿದ್ದು 2001ರಲ್ಲಿ. ಅಮೆರಿಕದ ಟೆನೆಸ್ಸಿಯ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದಲ್ಲಿ ಹಸುಗೂಸೊಂದು ತೀರಿಕೊಂಡಿತು. ಅಲ್ಲಿ ಬಳಸಿದ ಪುಡಿಯಲ್ಲಿ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. 2004ರಲ್ಲಿ ಜಿನೀವಾದಲ್ಲಿ ತಜ್ಞರು ಸೇರಿದರು. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಬಂತು: ನೀರು ಕನಿಷ್ಠ 70 ಡಿಗ್ರಿ ಇರುವಾಗಲೇ ಪುಡಿ ಹಾಕಿ. 2008ರಲ್ಲಿ ಕೋಡೆಕ್ಸ್ ಕಾರ್ಖಾನೆಗಳಿಗೆ ಕಟ್ಟುನಿಟ್ಟು ವಿಧಿಸಿತು: ಒಂದು ಬ್ಯಾಚಿನಿಂದ 10 ಗ್ರಾಮಿನ 30 ಮಾದರಿ, ಒಂದರಲ್ಲೂ ಇರಕೂಡದು. ಬ್ಯಾಕ್ಟೀರಿಯಾಕ್ಕೂ ಹೊಸ ಹೆಸರು ಬಂತು, ಕ್ರೋನೋಬ್ಯಾಕ್ಟರ್. ಗ್ರೀಕ್ ಕಥೆಯಲ್ಲಿ ಕ್ರೋನಸ್ ತನ್ನ ಮಕ್ಕಳನ್ನೇ ನುಂಗಿದವನು. ನಾವು ಹೆಸರಿಡುವ ಹಾಗಿದ್ದರೆ ಪೂತನಿ ಅಂತಿಡುತ್ತಿದ್ದೆವೇನೋ.

70 ಡಿಗ್ರಿಗೆ ವಿರೋಧವೂ ಇತ್ತು. ಕೆಲವು ವಿಟಮಿನ್ ಕಡಿಮೆಯಾಗುತ್ತದೆ, ಕೈ ಸುಟ್ಟುಕೊಳ್ಳುತ್ತಾರೆ, ಕೆಲವು ಪುಡಿಗಳಿಗೆ ಸೇರಿಸಿದ ಒಳ್ಳೆಯ ಬ್ಯಾಕ್ಟೀರಿಯಾವೂ ಸಾಯುತ್ತದೆ ಅಂತ. ಹಾಗಾಗಿ ಇವತ್ತಿಗೂ ಡಬ್ಬ ಒಂದು ಹೇಳಿದರೆ ಮಾರ್ಗಸೂಚಿ ಇನ್ನೊಂದು ಹೇಳುತ್ತದೆ. ವಿಷಯ ಮುಗಿದುಹೋದ ಇತಿಹಾಸವೂ ಅಲ್ಲ. 2022ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಅಬಾಟ್ ಕಾರ್ಖಾನೆಯೊಳಗೆ ಇದೇ ಬ್ಯಾಕ್ಟೀರಿಯಾ ಕಂಡು, ಉತ್ಪಾದನೆ ನಿಂತು, ದೇಶಕ್ಕೆ ದೇಶವೇ ಪುಡಿಗಾಗಿ ಪರದಾಡಿತು.

ಸೋಂಕು ತೀರಾ ಅಪರೂಪ. ಆದರೆ ಬಂದರೆ ಜೀವಕ್ಕೇ ಅಪಾಯ, ಉಳಿದ ಮಕ್ಕಳಲ್ಲೂ ಹಲವರ ಮಿದುಳಿಗೆ ಶಾಶ್ವತ ಹಾನಿ. ಎರಡು ತಿಂಗಳೊಳಗಿನ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಿಷಯದಲ್ಲಂತೂ ರಿಸ್ಕ್ ಬೇಡ. ಮಕ್ಕಳ ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ. ಎದೆಹಾಲು ಸಾಧ್ಯವಿದ್ದರೆ ಅದೇ ಮೊದಲು. ಸಾಧ್ಯವಾಗದ ತಾಯಂದಿರು ತಪ್ಪಿತಸ್ಥರಲ್ಲ, ಅವರಿಗೆ ಬೇಕಿರುವುದು ಉಪದೇಶವಲ್ಲ, ಸರಿಯಾದ ಮಾಹಿತಿ. ಅದು ಇಷ್ಟೇ: ಒಂದು ಲೀಟರ್ ನೀರು ಕುದಿಸಿ ಅರ್ಧ ಗಂಟೆಯೊಳಗೆ ಪುಡಿ ಕಲಸಿ. ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಬೇಗ ಆರಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ಬಿಸಿ ನೋಡಿ, ಕುಡಿಸಿ. ಎರಡು ಗಂಟೆಯಾದ ಮೇಲೆ ಉಳಿದದ್ದನ್ನು ಚೆಲ್ಲಿ. ಹಬ್ಬಕ್ಕೆ ಬೆಂಗಳೂರಿಂದ ಮಲೆನಾಡಿಗೆ ಹೊರಟರೆ ಕಲಸಿದ ಬಾಟಲಿ ಬ್ಯಾಗಿಗೆ ಹಾಕಬೇಡಿ. ಪುಡಿ ಬೇರೆ, ಫ್ಲಾಸ್ಕಿನ ಬಿಸಿನೀರು ಬೇರೆ. ನೀರು ಆರಿದ್ದರೆ ದಾರಿಯಲ್ಲಿ ಸಿಗುವ ಹೋಟೆಲಿನಲ್ಲಿ ಕುದಿಯುವ ನೀರು ಕೇಳಿ. ಹಸುಗೂಸಿಗೆ ಅಂದರೆ ಯಾರೂ ಇಲ್ಲ ಅನ್ನೋಲ್ಲ.