ಪೆಟ್ಟಿಗೆಯ ದೇವಿ

ದೂಧಗಂಗಾ ನದಿಯ ದಂಡೆಯ ನಮ್ಮ ಸದಲಗಾದಲ್ಲಿ ಕನ್ನಡ, ಮರಾಠಿ ಎರಡೂ ಮನೆಮಾತು. ಹಾಗಾಗಿ ಅಲೆಮಾರಿಗಳು ಹೊತ್ತು ತರುವ ದೇವಿಗೂ ಎರಡು ಹೆಸರು. ನಾವು ‘ದುರಗಮುರಗಿ ಬಂದಳು’ ಎಂದರೆ ಪಕ್ಕದ ಮನೆಯವರು ‘ಕಡಕಲಕ್ಷ್ಮಿ ಆಲೀ’ ಅನ್ನುತ್ತಿದ್ದರು. ಹೆಂಗಸಿನ ತಲೆಯ ಮೇಲೆ ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಅರಿಷಿಣ ಕುಂಕುಮ ಮೆತ್ತಿದ, ಕಣ್ಣು ಅಗಲಿಸಿದ ದೇವಿ. ಕೊರಳಿನ ಉರುಮೆಯನ್ನು ಅವಳು ಬಾಗಿದ ಕೋಲಿನಿಂದ ಉಜ್ಜಿದರೆ ಯಾರೋ ನರಳಿದಂಥ ಸದ್ದು. ಮುಂದೆ ಕೂದಲು ಬಿಟ್ಟು, ಗೆಜ್ಜೆ ಕಟ್ಟಿದ ಗಂಡಸು ಚಾಟಿಯಿಂದ ತನ್ನ ಮೈಗೆ ತಾನೇ ಹೊಡೆದುಕೊಳ್ಳುತ್ತಿದ್ದ. ನಾವು ಹುಡುಗಿಯರು ಆಯಿಯ ಸೀರೆಯ ಹಿಂದೆ ಅಡಗುತ್ತಿದ್ದೆವು. ಆಯಿ ಮಾತ್ರ ಮೊರದಲ್ಲಿ ಜೋಳ ತಂದು, “ತಣ್ಣಗಿರವ್ವಾ ತಾಯಿ” ಎಂದು ಕೈಮುಗಿಯುತ್ತಿದ್ದಳು.

ಈ ಕಲೆಗೆ ಇಂಥ ಭಯಂಕರ ರೂಪ ಯಾಕೆ? ಹೆದರಿಸಿ ಕಾಳು ಕೇಳುವ ಉಪಾಯ ಎಂದು ಓದಿದವರು ಹೇಳುವುದುಂಟು. ಆದರೆ ಭಯ ಈ ಪೆಟ್ಟಿಗೆಗಿಂತ ಮೊದಲೇ ಊರಲ್ಲಿತ್ತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷದಲ್ಲೇ ಬೆಳಗಾವಿ, ಧಾರವಾಡದ ಕಡೆಗೂ ಹಬ್ಬಿತು. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಕಾಲರಾ, ಸಿಡುಬು ಮತ್ತೆ ಮತ್ತೆ ಬರುತ್ತಿದ್ದವು. ಸಿಡುಬಿಗೆ ಮರಾಠಿಯಲ್ಲಿ ಹೆಸರೇ ‘ದೇವಿ’. ಕಣ್ಣಿಗೆ ಕಾಣದ್ದು ಕೂಸನ್ನು ಒಯ್ಯುವಾಗ ತಾಯಿ ಯಾರ ಕಾಲು ಹಿಡಿಯಬೇಕು? ಪೆಟ್ಟಿಗೆ ಆ ಬೇನೆಗೆ ಒಂದು ಮುಖ ಕೊಟ್ಟಿತು. ಮುಖವಿದ್ದರೆ ಬೇಡಿಕೊಳ್ಳಬಹುದು, ಉಡಿ ತುಂಬಬಹುದು, ಊರ ಗಡಿ ದಾಟಿಸಿ ಬರಬಹುದು. ಊರಿಗೆ ಬೀಳುವ ಪೆಟ್ಟನ್ನು ಆ ಗಂಡಸು ತನ್ನ ಬೆನ್ನ ಮೇಲೆ ತೆಗೆದುಕೊಳ್ಳುತ್ತಿದ್ದ ಎಂದೇ ನನಗೆ ಅನಿಸುತ್ತದೆ.

1975ರಲ್ಲಿ ಸಿಡುಬು ನಮ್ಮ ದೇಶ ಬಿಟ್ಟಿತು. 1980ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಿತು. ಅದನ್ನು ಓಡಿಸಿದ್ದು ಲಸಿಕೆ, ಇದರಲ್ಲಿ ಎರಡು ಮಾತಿಲ್ಲ. ಆದರೆ ದೇವಿಯನ್ನು ಹೊತ್ತವಳ ಹಸಿವು ಬೇನೆಯ ಜೊತೆಗೆ ಹೋಗಲಿಲ್ಲ. ಭಯವಿದ್ದಾಗ ಮೊರ ತುಂಬ ಕೊಟ್ಟ ಮನೆಗಳೇ ಈಗ ಗೇಟಿನಿಂದಲೇ ‘ಮುಂದ ಹೋಗವ್ವಾ’ ಅನ್ನುತ್ತವೆ. 2020ರಲ್ಲಿ ಕೊರೊನಾ ಬಂದಾಗ ನಾವೂ ಬಾಗಿಲು ಹಾಕಿಕೊಂಡು ಕಾಣದ ಬೇನೆಗೆ ನಡುಗಿದೆವಲ್ಲ, ಆಗ ಬೀದಿಯನ್ನೇ ನಂಬಿದವರಿಗೆ ಬೀದಿಯೂ ಇಲ್ಲವಾಯಿತು.

ಮೈ ಹರಿಯುವಂತೆ ಹೊಡೆದುಕೊಳ್ಳುವುದು ನಿಲ್ಲಲಿ, ಆ ಮಕ್ಕಳು ಶಾಲೆಗೆ ಹೋಗಲಿ. ಆದರೆ ಆ ತಾಯಿಯನ್ನು ಬರೀ ಭಿಕ್ಷುಕಿ ಎನ್ನಬೇಡಿ. ಕೂಸು ಕಳೆದುಕೊಂಡ ನಮ್ಮ ಮುತ್ತಜ್ಜಿಯರ ಸಂಕಟ ಯಾವ ಪುಸ್ತಕದಲ್ಲೂ ಬರೆದಿಟ್ಟಿಲ್ಲ. ಅವಳ ತಲೆಯ ಮೇಲಿನ ಪೆಟ್ಟಿಗೆಯಲ್ಲಿದೆ.